ಪಾಂಬನ್ ಕಡಲಲ್ಲಿ ಪಾಚಿಯ ಬೆಳೆ

ರಾಮೇಶ್ವರ ಯಾತ್ರೆಗೆ ಹೊರಟ ನಮ್ಮವರು ಪಾಂಬನ್ ಸೇತುವೆ ಬಂದೊಡನೆ ಬಸ್ಸಿನ ಕಿಟಕಿಗೆ ಮುಗಿಬೀಳುವುದು ಪಕ್ಕದ ರೈಲು ಸೇತುವೆಯನ್ನು ನೋಡಲು. ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ. ನೀರು ಆಳವಿಲ್ಲದೆಡೆ ತಿಳಿಹಸಿರಾಗಿ ಹೊಳೆಯುತ್ತದೆ. ಆ ನೀರಿನಡಿ ಏನಿದೆಯೆಂದು ಕೇಳುವವರು ಕಡಿಮೆ.

ಅಲ್ಲಿರುವುದು ಹವಳದ ದಿಬ್ಬಗಳು ಮತ್ತು ಕಡಲಪಾಚಿ. ಕ್ಯಾಲಿಫೋರ್ನಿಯಾದ ತಣ್ಣೀರಿನಲ್ಲಿ ಮರದೆತ್ತರ ಬೆಳೆಯುವ ಕೆಲ್ಪ್ ಎಂಬ ದೈತ್ಯ ಪಾಚಿ ನಮ್ಮ ಬೆಚ್ಚನೆಯ ಕಡಲಿಗೆ ಒಗ್ಗದು. ಇಲ್ಲಿನವು ಬಂಡೆಗಂಟಿದ ಸಣ್ಣ ಗಿಡಗಳು. ನಾವು ಪಾಚಿ ಎನ್ನುವುದನ್ನು ತಮಿಳರು ಪಾಸಿ ಎನ್ನುತ್ತಾರೆ. ಮರಿಕೊಳುಂದು ಪಾಸಿ, ಕಂಜಿ ಪಾಸಿ, ಪಕೋಡಾ ಪಾಸಿ ಎಂದು ಹೆಸರಿಟ್ಟವರು ಊರಿನ ಜನವೇ. ಮೊದಲೆರಡರಿಂದ ಅಗರ್ ದೊರೆಯುತ್ತದೆ. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿರುವುದು ಇದೇ ಅಗರ್.

ಪಾಚಿ ಕೀಳುವ ಕೆಲಸ ಹೆಂಗಸರದು. ಸೀರೆಯ ಮೇಲೆ ಅಂಗಿ ತೊಟ್ಟು, ಬೆರಳಿಗೆ ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ, ಸೊಂಟಕ್ಕೆ ಬಲೆಯ ಚೀಲ ಕಟ್ಟಿ ಉಸಿರು ಬಿಗಿಹಿಡಿದು ಮುಳುಗುತ್ತಾರೆ. ಬಂಡೆ ತರಚಿ ಕೈಯೆಲ್ಲ ಗಾಯ. 1986ರಲ್ಲಿ ಇಲ್ಲಿನ 21 ದ್ವೀಪಗಳ ಸುತ್ತ ಸಾಗರ ರಾಷ್ಟ್ರೀಯ ಉದ್ಯಾನ ಘೋಷಣೆಯಾದ ಮೇಲೆ, ತಲೆಮಾರುಗಳಿಂದ ಹೋಗುತ್ತಿದ್ದ ಜಾಗಕ್ಕೇ ಅವರು ಅತಿಕ್ರಮಿಗಳಾದರು. ಅವರು ಜಗಳವನ್ನಷ್ಟೇ ಆಡಲಿಲ್ಲ, ತಮಗೆ ತಾವೇ ಕಟ್ಟಳೆಯನ್ನೂ ಹಾಕಿಕೊಂಡರು. ತಿಂಗಳಿಗೆ 12 ದಿನ ಮಾತ್ರ ಕೆಲಸ. ಮೀನು ಮರಿಮಾಡುವ ಬೇಸಿಗೆಯಲ್ಲಿ ಪೂರ್ತಿ ರಜೆ. ಚಿನ್ನಪಾಲಂನ ಲಕ್ಷ್ಮಿ ಮೂರ್ತಿ ಎಂಬಾಕೆಗೆ ಇದಕ್ಕಾಗಿಯೇ 2015ರಲ್ಲಿ ಅಮೆರಿಕದ ಸೀಕಾಲಜಿ ಪ್ರಶಸ್ತಿ ಸಂದಿತು.

ಮುಳುಗುವ ಬದಲು ಬೆಳೆಯಬಾರದೇ? ಬೆಳೆಯುತ್ತಿದ್ದಾರೆ. ಮೂರು ಮೀಟರ್ ಚೌಕದ ಬಿದಿರಿನ ತೆಪ್ಪ, ಅದಕ್ಕೆ ಅಡ್ಡಲಾಗಿ ಹಗ್ಗ, ಹಗ್ಗಕ್ಕೆ ಕಟ್ಟಿದ ಪಾಚಿಯ ತುಂಡುಗಳು. ಗೊಬ್ಬರ ಬೇಡ, ಸಿಹಿನೀರು ಬೇಡ, 45 ದಿನಕ್ಕೆ ಕೊಯ್ಲು. ದಡದ ಮರಳಿನಲ್ಲಿ ಒಣಗಿಸಿದಾಗ ತೂಕ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದರಿಂದ ತೆಗೆಯುವ ಕ್ಯಾರಗೀನನ್ ಐಸ್‌ಕ್ರೀಮು, ಟೂತ್‌ಪೇಸ್ಟುಗಳನ್ನು ಮಂದವಾಗಿಸುತ್ತದೆ. ತಂತ್ರಜ್ಞಾನ ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆಯದು. 2000ದ ಸುಮಾರಿಗೆ ಪೆಪ್ಸಿ ಕಂಪನಿ ಅದನ್ನು ಕೃಷಿಗೆ ಇಳಿಸಿತು. ಸ್ವಸಹಾಯ ಗುಂಪಿನ ಹೆಂಗಸರಿಗೆ ಸೊಂಟಮಟ್ಟದ ನೀರಿನಲ್ಲೇ ಸಂಪಾದನೆಯಾಯಿತು. ಇದು ಸಣ್ಣ ಮಾತಲ್ಲ.

ತೊಡಕಿರುವುದು ಬೆಳೆಯಲ್ಲೇ. ಕ್ಯಾಪಫೈಕಸ್ ಎಂಬ ಈ ಪಾಚಿಯ ಮೂಲ ಫಿಲಿಪೀನ್ಸ್. ಇದಕ್ಕೆ ಬೀಜ ಬೇಕಿಲ್ಲ. ಅಲೆಗೆ ಮುರಿದ ಒಂದು ತುಂಡು ತೇಲಿಹೋಗಿ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲೇ ಬೆಳೆಯುತ್ತದೆ. ಉದ್ಯಾನದೊಳಗಿನ ಕುರುಸಡೈ ದ್ವೀಪದಲ್ಲಿ ಅದು ಜೀವಂತ ಹವಳದ ಮೇಲೆ ಚಾಪೆಯಂತೆ ಹಬ್ಬಿದ್ದು 2008ರಲ್ಲಿ ವರದಿಯಾಯಿತು. ಬೆಳಕು ತಪ್ಪಿದರೆ ಹವಳದೊಳಗಿನ ಸೂಕ್ಷ್ಮಶೈವಲ ಬದುಕದು, ಅದನ್ನು ನಂಬಿದ ಹವಳವೂ ಸೊರಗುತ್ತದೆ. ಮೇಲಾಗಿ ಎಲ್ಲ ತೆಪ್ಪಗಳಲ್ಲೂ ತುಂಡಿನಿಂದ ತುಂಡು ಕತ್ತರಿಸಿ ಬೆಳೆಸಿದ ಒಂದೇ ವಂಶ. 2013ರ ಬಳಿಕ ನೀರು ಕಾದು ಬೆಳೆ ಕೊಳೆತಾಗ ಎಲ್ಲರ ಬೆಳೆಯೂ ಒಟ್ಟಿಗೇ ಹೋಯಿತು. ಕಬ್ಬಿನ ಒಂದೇ ತಳಿ ನೆಟ್ಟು ರೋಗ ಬಂದಾಗ ಕೈಸುಟ್ಟುಕೊಂಡ ನಮ್ಮ ರೈತರಿಗೆ ಇದನ್ನು ವಿವರಿಸಬೇಕಿಲ್ಲ.

ಕೇಂದ್ರ ಸರ್ಕಾರ 2020ರ ಮತ್ಸ್ಯಸಂಪದ ಯೋಜನೆಯಲ್ಲಿ ಪಾಚಿ ಕೃಷಿಗೆಂದೇ 640 ಕೋಟಿ ರೂಪಾಯಿ ತೆಗೆದಿರಿಸಿತು. ರಾಮನಾಥಪುರ ಜಿಲ್ಲೆಯಲ್ಲಿ ಪಾಚಿ ಪಾರ್ಕಿಗೆ 2023ರಲ್ಲಿ ಅಡಿಗಲ್ಲು ಬಿತ್ತು. ಇಷ್ಟು ಹಣದಲ್ಲಿ ಒಂದು ದೊಡ್ಡ ಪಾಲು ಕಂಜಿ ಪಾಸಿಯಂಥ ಊರ ಪಾಚಿಗಳಿಗೆ ಸಲ್ಲಬೇಕೆಂಬುದು ನನ್ನ ಎಣಿಕೆ. ಇಳುವರಿ ಕಡಿಮೆ ಎಂಬ ಆಕ್ಷೇಪ ಬರಬಹುದು. ಆದರೆ ಅದು ತಪ್ಪಿಸಿಕೊಂಡು ಹೋದರೂ ಸೇರುವುದು ತನ್ನದೇ ಬಂಡೆಯನ್ನು. ಆ ಬಂಡೆಗಳು ಎಲ್ಲಿವೆ, ಯಾವ ತಿಂಗಳಲ್ಲಿ ಅಲ್ಲಿ ಏನು ಚಿಗುರುತ್ತದೆ ಎಂಬುದು ಮುಳುಗುವ ಹೆಂಗಸರಿಗೆ ಬಾಯಿಪಾಠ. ಪಾರ್ಕಿನ ತೀರ್ಮಾನ ಮಾಡುವ ಸಭೆಗಳಲ್ಲಿ ಅವರಿಗೊಂದು ಕುರ್ಚಿ ಹಾಕಬೇಕು.