ಮರ ಪಲ್ಟಿ ಹೊಡೆದೀತೇ?

ರೋಲರ್ ಕೋಸ್ಟರ್ ಎಂದರೆ ನಮ್ಮ ಮಕ್ಕಳ ಕಣ್ಣಿಗೆ ಬರುವುದು ಬಣ್ಣ ಬಳಿದ ಉಕ್ಕಿನ ಹಳಿ. ಆದರೆ ಈ ಆಟ ಬೆಳೆದದ್ದು ಮರದ ಮೇಲೆ. ಅಮೆರಿಕದಲ್ಲಿ ಮರದ ಕೋಸ್ಟರುಗಳು ಇಂದಿಗೂ ಓಡುತ್ತಿವೆ. ಹೊಸ ಹೊಸ ಬಗೆಯವನ್ನು ಕಟ್ಟುತ್ತಲೂ ಇದ್ದಾರೆ. ಓಹಿಯೋ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಈ ಹೊಸ ಬಗೆಯವುಗಳ ವಿಷಯಕ್ಕೆ ನನಗೂ ಹನ್ನೊಂದು ವರ್ಷದ ಮೊಮ್ಮಗನಿಗೂ ಎರಡು ತಿಂಗಳು ವಾದ ನಡೆಯಿತು. ಅವನಿಗೆ ಹೊಸದೆಲ್ಲ ಚೆಂದ. ನನಗೆ ಹೊಸದೆಂದರೆ ಮೊದಲು ಅನುಮಾನ.

ಅನುಮಾನಕ್ಕೆ ಕಾರಣ ವಯಸ್ಸಲ್ಲ, ವೃತ್ತಿ. ಹೈಸ್ಕೂಲಿನಲ್ಲಿ ಕ್ರಾಫ್ಟ್ ಮೇಷ್ಟ್ರಾಗಿ ಹುಡುಗರ ಕೈಗೆ ಉಳಿ, ಗರಗಸ ಕೊಟ್ಟು ಕಲಿಸಿದವನು ನಾನು. ಮರ ಕಡಿದ ಮೇಲೂ ನೀರು ಕುಡಿಯುತ್ತದೆ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಯುಗಾದಿಯ ಹೊತ್ತಿಗೆ ಅದೇ ಬಾಗಿಲಿನ ಸಂದಿಯಲ್ಲಿ ಬೆಳಕು ಇಣುಕುತ್ತದೆ. ಅಂಥದರ ಮೇಲೆ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಮಕ್ಕಳನ್ನು ಓಡಿಸುತ್ತಾರೆ ಎಂದರೆ ಕೇಳಬೇಕಾದ ಪ್ರಶ್ನೆ ಕೇಳಲೇಬೇಕಲ್ಲ?

ಹಳಿ ಮಾಡುವ ರೀತಿ ಮಾತ್ರ ನನಗೆ ಹಿಡಿಸಿತು. ಪೈನ್ ಹಲಗೆಗಳನ್ನು ಒಂದರ ಮೇಲೊಂದು ಏಳೆಂಟು ಪದರ ಕೂಡಿಸಿ ಬಿಗಿಯುತ್ತಾರೆ. ಮೇಲೊಂದು ತೆಳು ಉಕ್ಕಿನ ಪಟ್ಟಿ. ಗಾಲಿ ಉರುಳುವುದು ಆ ಪಟ್ಟಿಯ ಮೇಲೆ. ಪಕ್ಕಕ್ಕೆ ಜಾರದಂತೆ ಬೇರೆ ಗಾಲಿ, ಬಂಡಿ ಮೇಲಕ್ಕೆ ಹಾರದಂತೆ ಹಳಿಯ ಅಡಿಯಲ್ಲಿ ಇನ್ನೊಂದು. ಈ ಅಡಿಗಾಲಿಯನ್ನು ಸುಮಾರು ನೂರು ವರ್ಷಗಳ ಹಿಂದೆ ರೂಢಿಗೆ ತಂದವನು ಜಾನ್ ಮಿಲ್ಲರ್ ಎಂಬಾತ. ಬಂಡಿ ಬಂದಾಗ ಇಡೀ ಚೌಕಟ್ಟು ಅಲುಗುತ್ತದೆ. ಹೆದರಬೇಕಿಲ್ಲ, ಅಲುಗಲೆಂದೇ ಹಾಗೆ ಕಟ್ಟಿರುತ್ತಾರೆ. ಚಳಿಗಾಲದಲ್ಲಿ ಪಾರ್ಕು ಮುಚ್ಚಿದಾಗ ಬಡಗಿಗಳು ಮೇಲೆ ಹತ್ತಿ, ಸವೆದ ಹಲಗೆ ಕಿತ್ತು ಹೊಸದು ಕೂರಿಸುತ್ತಾರೆ. ಮನೆ ಒಮ್ಮೆ ಕಟ್ಟಿದರೆ ಮುಗಿಯಿತು. ಮರದ ಕೋಸ್ಟರು ಮುಗಿಯುವುದೇ ಇಲ್ಲ.

1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಥಾಮ್ಸನ್ ಎಂಬಾತ ಇಂಥದೊಂದನ್ನು ಇಟ್ಟಾಗ ಅದರ ವೇಗ ಗಂಟೆಗೆ ಸುಮಾರು 10 ಕಿಲೋಮೀಟರ್, ಟಿಕೆಟ್ಟಿಗೆ 5 ಸೆಂಟು. ನಮ್ಮ ಹಳ್ಳಿಯ ಸೈಕಲ್ಲೇ ವಾಸಿ! ಆದರೂ ಜನ ಮುಗಿಬಿದ್ದರು. ಹನ್ನೊಂದೇ ವರ್ಷ ಕಳೆದು 1895ರಲ್ಲಿ ಅಲ್ಲೇ ಇನ್ನೊಬ್ಬರು ಬಂಡಿಯನ್ನು ತಲೆಕೆಳಗಾಗಿ ಸುತ್ತಿಸಿದರು. ಬಳೆಯಂತೆ ಒಂದೇ ಸಮನಾದ ವೃತ್ತ. ನೇರ ಬಂದ ಬಂಡಿ ವೃತ್ತದೊಳಗೆ ನುಗ್ಗಿದ ಕ್ಷಣವೇ ಮೈಭಾರ ಹಲವು ಪಟ್ಟಾಗಿ ಕುತ್ತಿಗೆ ಉಳುಕುತ್ತಿತ್ತು. ಈಗಿನ ಸುತ್ತುಗಳು ತಲೆಕೆಳಗು ಮಾಡಿದ ನೀರಿನ ಹನಿಯಂತೆ ಮೇಲೆ ಕಿರಿದು, ಕೆಳಗೆ ಅಗಲವಾಗಿರುವುದು ಅದಕ್ಕೇ.

ಮಗಳ ಮನೆಯಿಂದ ದೂರವಿಲ್ಲದ ಕಿಂಗ್ಸ್ ಐಲೆಂಡ್ ಪಾರ್ಕಿನಲ್ಲಿ ‘ಬೀಸ್ಟ್’ ಎಂಬ ಮರದ ಕೋಸ್ಟರಿದೆ. 1979ರದು. ಉದ್ದ 2243 ಮೀಟರ್. ಮರದ ಕೋಸ್ಟರುಗಳಲ್ಲಿ ಅಷ್ಟು ಉದ್ದದ್ದು ಇನ್ನೊಂದಿಲ್ಲ. ಕಾಡಿನೊಳಗೆ ಓಡುವುದರಿಂದ ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಮೊಮ್ಮಗ ಅದರಲ್ಲಿ ಕೂತಿದ್ದಾಗ ನಾನು ಬೆಂಚಿನ ಮೇಲೆ ಕೂತು ಮರಗಳ ಹಿಂದಿನ ಗಡಗಡ ಸದ್ದನ್ನೇ ಹಿಂಬಾಲಿಸುತ್ತಿದ್ದೆ. ಆ ಸದ್ದು ಉಕ್ಕಿಗೆ ಬರುವುದಿಲ್ಲ.

ಇದೇ ಪಾರ್ಕಿನಲ್ಲಿ 2000ದಲ್ಲಿ ‘ಸನ್ ಆಫ್ ಬೀಸ್ಟ್’, ಅಂದರೆ ಅದರ ಮಗ, ಹುಟ್ಟಿದ. ಎತ್ತರ 66 ಮೀಟರ್, ವೇಗ ಗಂಟೆಗೆ 125 ಕಿಲೋಮೀಟರ್. ಅಷ್ಟು ಎತ್ತರದ ಮರದ ಕೋಸ್ಟರನ್ನು ಯಾರೂ ಕಟ್ಟಿರಲಿಲ್ಲ, ಆಮೇಲೂ ಕಟ್ಟಿಲ್ಲ. ಜೊತೆಗೆ ನಡುವೆ ತಲೆಕೆಳಗಿನ ಒಂದು ಸುತ್ತು. ಆ ಸುತ್ತಿಗೆ ಉಕ್ಕಿನ ಆಧಾರ ಕೊಟ್ಟಿದ್ದರು, ಬಂಡಿಗಳೂ ಭಾರವಾಗಿದ್ದವು. ಭಾರದ ಬಂಡಿ, ಭಾರೀ ವೇಗ, ಕೆಳಗೆ ಹಲಗೆ. 2006ರ ಜುಲೈ 9ರಂದು ಒಂದು ಕಡೆ ಮರ ಬಿರಿದು ಹಳಿ ತಗ್ಗಿತು. ಬಂಡಿ ಆ ತಗ್ಗಿಗೆ ಇಳಿದು ಕುಕ್ಕಿ 27 ಜನರಿಗೆ ಪೆಟ್ಟಾಯಿತು. ಹಗುರ ಬಂಡಿ ತರುವುದಕ್ಕಾಗಿ ಸುತ್ತನ್ನೇ ಕಿತ್ತುಹಾಕಿದರು. 2009ರಲ್ಲಿ ಓಟ ನಿಂತಿತು, 2012ರಲ್ಲಿ ಕೆಡವಿದರು. ಅಪ್ಪ ಇನ್ನೂ ಓಡುತ್ತಿದ್ದಾನೆ, ಮಗ ಹೋದ.

“ಅದು ಹಳೇ ಕತೆ ಅಜ್ಜ, ಈಗ ಔಟ್‌ಲಾ ರನ್ ಇದೆ” ಎಂದ ಮೊಮ್ಮಗ.

ಇದ್ದದ್ದು ನಿಜ. 2013ರಲ್ಲಿ ಮಿಸೌರಿ ರಾಜ್ಯದ ಬ್ರಾನ್ಸನ್‌ನಲ್ಲಿ ರಾಕಿ ಮೌಂಟನ್ ಎಂಬ ಕಂಪನಿ ಕಟ್ಟಿದ್ದು. 49 ಮೀಟರ್ ಕೆಳಕ್ಕೆ ಧುಮುಕಿ, ಮೂರು ಸಲ ತಲೆಕೆಳಗಾಗುತ್ತದೆ. ಗುಟ್ಟೇನೆಂದರೆ, ಹಲಗೆಗಳ ಮೇಲಿನ ಪದರಗಳನ್ನು ತೆಗೆದು ಅಲ್ಲಿ ದಪ್ಪನೆಯ ಉಕ್ಕಿನ ಹಳಿಯನ್ನೇ ಕೂರಿಸಿದ್ದಾರೆ. ಸವೆತ ಕಡಿಮೆ, ಓಟ ನಯ.

“ಹಾಗಾದರೆ ಅದು ಮರದ್ದು ಹೇಗಾಯಿತು ಪುಟ್ಟ?”

“ಕೆಳಗೆ ಮರ ಇದೆಯಲ್ಲ!”

“ಉಕ್ಕಿನ ಕಾಲಿನ ಮೇಜಿಗೆ ಮರದ ಹಲಗೆ ಹಾಕಿದರೆ ಮರದ ಮೇಜು ಅನ್ನುತ್ತೀಯಾ?”

“ಹೂಂ, ಅನ್ನುತ್ತೇನೆ.”

ಅವನ ಹಟ ನನಗೆ ಇಷ್ಟವೇ. ಈ ಜಗಳ ನಮ್ಮಿಬ್ಬರದೇ ಅಲ್ಲ. ಕೋಸ್ಟರ್ ಪ್ರಿಯರಲ್ಲೇ ಎರಡು ಪಕ್ಷಗಳಿವೆ.

ಅವನಿಗೆ ನಿಜವಾಗಿ ನೋವಾದದ್ದು ‘ಲೈಟ್ನಿಂಗ್ ರಾಡ್’ ವಿಷಯದಲ್ಲಿ. 2016ರಲ್ಲಿ ಟೆನೆಸ್ಸಿಯ ಡಾಲಿವುಡ್ ಪಾರ್ಕಿನಲ್ಲಿ ಶುರುವಾದದ್ದು. ಬೇರೆ ಕೋಸ್ಟರುಗಳನ್ನು ಸರಪಳಿ ಮೇಲಕ್ಕೆಳೆದರೆ, ಇದನ್ನು ಅಯಸ್ಕಾಂತದ ಬಲದಿಂದ ದಿಬ್ಬದ ಮೇಲಕ್ಕೆ ಚಿಮ್ಮಿಸುತ್ತಿದ್ದರು. ಮರದ ಹಳಿಯ ಮೇಲೆ ಅದು ಮೊದಲ ಪ್ರಯೋಗ. ಅವನ ನೋಟುಪುಸ್ತಕದ ಮೊದಲ ಪುಟದಲ್ಲೇ ಅದರ ಚಿತ್ರವಿತ್ತು. ಅದು ಪದೇಪದೇ ಕೆಟ್ಟು ನಿಲ್ಲುತ್ತಿತ್ತು. 2021ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಹಳಿಯನ್ನು ಪೂರ್ತಿ ಉಕ್ಕಿಗೆ ಬದಲಾಯಿಸಿದರು. 2024ಕ್ಕೆ ಚಿಮ್ಮಿಸುವ ಯಂತ್ರವನ್ನೂ ತೆಗೆದು ಹಳೆಯ ಸರಪಳಿಯನ್ನೇ ಹಾಕಿದರು. “ಕೊನೆಗೆ ಸರಪಳಿಯೇ ಗೆದ್ದಿತಲ್ಲೋ” ಎಂದೆ. ಅವನು ನೋಟುಪುಸ್ತಕ ಮುಚ್ಚಿ ಎದ್ದುಹೋದ. ಮೂರು ದಿನ ತೆರೆಯಲಿಲ್ಲ.

“ಅಪ್ಪ, ಮಗುವಿನ ಆಸೆಗೆ ಯಾಕೆ ತಣ್ಣೀರು ಎರಚುತ್ತೀರಿ?” ಎಂದಳು ಮಗಳು.

ನನಗೆ ಹಾಗನ್ನಿಸಲಿಲ್ಲ. ಕ್ಲಾಸಿನಲ್ಲಿ ಹುಡುಗರು ಸ್ಟೂಲು ಮಾಡಿ ತಂದರೆ ನಾನು ಹೊಗಳುವ ಮುಂಚೆ ಅದರ ಮೇಲೆ ಕೂರುತ್ತಿದ್ದೆ. ಚೆನ್ನಾಗಿದೆ ಎಂದು ಬರೀ ಬೆನ್ನು ತಟ್ಟಿದರೆ ಅದು ಸ್ಟೂಲಿಗೂ ಹುಡುಗನಿಗೂ ಮಾಡುವ ಅವಮರ್ಯಾದೆ. ಹಾಗೆಂದು ಎಲ್ಲರೂ ನನ್ನಂತೆಯೇ ಇದ್ದಿದ್ದರೆ ಬಂಡಿ ಇಂದಿಗೂ 10 ಕಿಲೋಮೀಟರ್ ವೇಗದಲ್ಲೇ ಓಡುತ್ತಿತ್ತು ಎಂಬುದೂ ಗೊತ್ತು. ಔಟ್‌ಲಾ ರನ್ ಇಷ್ಟು ವರ್ಷವಾದರೂ ಓಡುತ್ತಿದೆ. ಅದನ್ನು ಹೆಚ್ಚೇನೂ ಗೊಣಗದೆ ಒಪ್ಪುತ್ತೇನೆ.

ನಾಲ್ಕನೆಯ ದಿನ ಅವನೇ ಬಂದು ಪುಸ್ತಕ ತೆರೆದ. ಅವನದೇ ಹೊಸ ಕೋಸ್ಟರು: ಎಲ್ಲ ಮರ, ಒಂದು ಪಲ್ಟಿ, ಕಡೆಗೆ ನೆಲದಡಿಯ ಸುರಂಗ. “ಎಲ್ಲಿ ತಪ್ಪಿದೆ ಹೇಳಿ” ಎಂದ, ಸ್ವಲ್ಪ ಬಿಗಿದ ಮುಖದಲ್ಲೇ. ಸುರಂಗಕ್ಕೆ ಬಿದ್ದ ಮಳೆನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಅವನು ಹೆಬ್ಬೆರಳು ಕಚ್ಚಿಕೊಂಡು ನೋಡಿದ, ರಬ್ಬರು ತಂದು ಅಷ್ಟನ್ನು ಒರೆಸಿದ.

ಊರಿಗೆ ಬಂದ ಮೇಲೂ ಫೋನಿನಲ್ಲಿ ಚಿತ್ರಗಳು ಬರುತ್ತಿವೆ. ಹೋದ ವಾರದ್ದರಲ್ಲಿ ಸುರಂಗಕ್ಕೆ ಇಳಿಜಾರು, ಪಕ್ಕದಲ್ಲಿ ಕಾಲುವೆ, ಕೊನೆಗೊಂದು ಪಂಪು. ಪಲ್ಟಿ ಮಾತ್ರ ಬಿಟ್ಟಿಲ್ಲ. ಸವೆದ ಹಲಗೆ ಬದಲಿಸಲು ಬಡಗಿ ಅಷ್ಟು ಮೇಲಕ್ಕೆ ಹತ್ತುವ ಮೆಟ್ಟಿಲೆಲ್ಲಿ ಎಂದು ಭಾನುವಾರ ಫೋನ್ ಮಾಡಿದಾಗ ಕೇಳಬೇಕು.