ಸಿಂಗಪುರದಲ್ಲಿ ಅಮ್ಮನ ಅರವತ್ತು

ಇವತ್ತು ಅಮ್ಮನಿಗೆ ಅರವತ್ತು ತುಂಬಿತು. ಅಪ್ಪ, ಅಮ್ಮ, ತಂಗಿ, ನಾನು ಎಲ್ಲರೂ ಸಿಂಗಪುರದಲ್ಲಿದ್ದೇವೆ. ಇಲ್ಲಿನ ಹೊತ್ತು ನಮ್ಮೂರಿಗಿಂತ ಎರಡೂವರೆ ಗಂಟೆ ಮುಂದೆ. ಹಾಗಾಗಿ ಊರಲ್ಲಿ ಇನ್ನೂ ಊಟದ ತಟ್ಟೆ ತೊಳೆಯುವ ಹೊತ್ತಿಗೇ ಇಲ್ಲಿ ನಡುರಾತ್ರಿ ದಾಟಿ, ನಾವು ಅಮ್ಮನನ್ನು ಅಪ್ಪಿಕೊಂಡು ಶುಭಾಶಯ ಹೇಳಿಯಾಗಿತ್ತು!

ಬೆಳಿಗ್ಗೆ ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯ ವೀರಮಾಕಾಳಿಯಮ್ಮನ್ ದೇವಸ್ಥಾನಕ್ಕೆ ಹೋದೆವು. ಹತ್ತಿರದ ಹೂವಿನಂಗಡಿಯಲ್ಲಿ ಮಲ್ಲಿಗೆ ಕಂಡದ್ದೇ ತಡ, ತಂಗಿ ಕೊಂಡು ಅಮ್ಮನಿಗೆ ಮುಡಿಸಿದಳು. ಆಮೇಲೆ 1947ರಿಂದ ನಡೆಯುತ್ತಿರುವ ಕೋಮಲ ವಿಲಾಸದಲ್ಲಿ ದೋಸೆ, ಕಾಫಿ. ಮನೆಯಲ್ಲಾದರೆ ತನ್ನ ಹುಟ್ಟುಹಬ್ಬದ ದಿನವೂ ಅಮ್ಮನೇ ಒಲೆ ಮುಂದೆ. ಪಾಯಸ ಕುದಿಸಿ, ಎಲ್ಲರಿಗೂ ಬಡಿಸಿ, ಕೊನೆಗೆ ತಾನು ತಣ್ಣಗಾದದ್ದನ್ನು ತಿನ್ನುವವಳು. ಇವತ್ತು ಬಿಸಿಬಿಸಿ ದೋಸೆಯ ಮೊದಲ ತಟ್ಟೆ ಅವಳ ಮುಂದೆ ಬಂತು. ಅದನ್ನು ನೋಡಿಯೇ ನನ್ನ ಹೊಟ್ಟೆ ತುಂಬಿತು.

ಸಂಜೆ ಗಾರ್ಡನ್ಸ್ ಬೈ ದಿ ಬೇ. 25ರಿಂದ 50 ಮೀಟರ್ ಎತ್ತರದ, ಸೂಪರ್‌ಟ್ರೀ ಎಂಬ ಮರದಾಕಾರದ ಗೋಪುರಗಳ ಉಕ್ಕಿನ ಮೈತುಂಬ ನಿಜವಾದ ಬಳ್ಳಿ, ಜರೀಗಿಡಗಳು. ಗಿಡ ಕಂಡರೆ ಬಿಡದ ಅಮ್ಮ ಒಂದೊಂದನ್ನೂ ನಿಂತು ನೋಡಿದಳು. 7.45ಕ್ಕೆ ಸಂಗೀತದ ಜೊತೆ ದೀಪಗಳು ಬಣ್ಣ ಬದಲಿಸತೊಡಗಿದಾಗ ಅಪ್ಪ ಅವಳ ಕೈ ಹಿಡಿದುಕೊಂಡಿದ್ದರು.

ಹೆತ್ತವರ ಕಾಲಲ್ಲಿ ಶಕ್ತಿ ಇರುವಾಗಲೇ ಅವರನ್ನು ಒಂದು ಹೊಸ ಊರಿಗೆ ಕರೆದುಕೊಂಡು ಹೋಗಿ. ವಿದೇಶವೇ ಆಗಬೇಕೆಂದಿಲ್ಲ. ಅಡುಗೆಮನೆಯ ಚಿಂತೆ ಇಲ್ಲದ ಒಂದು ದಿನ ಅವರ ಪಾಲಿಗೆ ಸಿಗಬೇಕು, ಅಷ್ಟೇ.

ನೂರು ಕಾಲ ಚೆನ್ನಾಗಿರಮ್ಮ. ಹುಟ್ಟುಹಬ್ಬದ ಶುಭಾಶಯ!