ಸೈಕಲ್ಲಿನವರ ಕಣ್ಣಿನಲ್ಲಿ ಕಾರು

ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರಗಳ ಕಡೆಯ ಆಡುಮಾತನ್ನು ಕಿವಿಗೊಟ್ಟು ಕೇಳಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಸೈಕಲ್ಲಿನ ಮೇಲೆ ಬಂದವರನ್ನು ಕುರಿತು ಹೇಳುವಾಗ ಜನರು "ಮಾಸ್ತರರು ಬಂದರು", "ಹಾಲಿನವನು ಹೋದ" ಎನ್ನುತ್ತಾರೆ. ಸೈಕಲ್ಲಿನ ಹೆಸರನ್ನೇ ಎತ್ತುವುದಿಲ್ಲ. ಕಾರಿನಲ್ಲಿ ಬಂದವರ ವಿಷಯವಾದರೋ "ಒಂದು ಕಾರು ಬಂತು", "ಕಾರು ಹಾರ್ನು ಹೊಡೆಯಿತು", "ಕಾರು ಕೆಸರು ಸಿಡಿಸಿ ಹೋಯಿತು" ಎಂದೇ ಮಾತು ನಡೆಯುತ್ತದೆ. ವ್ಯಾಕರಣ ಬಲ್ಲ ಶಿಕ್ಷಕರು ಗಮನಿಸಬೇಕು: ಮೊದಲಿನ ವಾಕ್ಯದಲ್ಲಿ ಕರ್ತೃ ಮನುಷ್ಯ, ಎರಡನೆಯದರಲ್ಲಿ ಯಂತ್ರ. ಕಾರನ್ನು ಕುರಿತು ಸೈಕಲ್ಲಿನವನಿಗಿರುವ ಭಾವನೆಯ ಅರ್ಧಭಾಗ ಈ ಎರಡು ವಾಕ್ಯಗಳಲ್ಲಿಯೇ ಅಡಗಿದೆ.

ಮೊದಲು ಹೀಗಿರಲಿಲ್ಲ. 1997ರಲ್ಲಿ ಹಾವೇರಿ ಜಿಲ್ಲೆಯಾಗುವವರೆಗೆ ಈ ನಾಲ್ಕೂ ತಾಲೂಕುಗಳು ಅಖಂಡ ಧಾರವಾಡ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿದ್ದವು. ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರ ಪಟ್ಟಣಗಳನ್ನು ರೈಲು ಮುಟ್ಟಿಲ್ಲ. ಬಸ್ಸು ಬಂದರೆ ಬಂತು, ಇಲ್ಲವಾದರೆ ಇಲ್ಲ. ಆ ಕಾಲದಲ್ಲಿ ಹಳ್ಳಿಯಿಂದ ಶಾಲೆಗೂ, ಸಂತೆಗೂ, ಕಚೇರಿಗೂ ಮನುಷ್ಯನನ್ನು ಹೊತ್ತೊಯ್ದದ್ದು ಸೈಕಲ್ಲು. 1949ರಲ್ಲಿ ಮದ್ರಾಸಿನಲ್ಲಿ ಸ್ಥಾಪನೆಗೊಂಡ ಟಿ.ಐ. ಕಂಪನಿಯ ಹರ್ಕ್ಯುಲಿಸ್, 1951ರಲ್ಲಿ ಸೋನಿಪತದಲ್ಲಿ ಆರಂಭವಾದ ಅಟ್ಲಾಸ್, 1956ರಲ್ಲಿ ಲುಧಿಯಾನದಲ್ಲಿ ಹುಟ್ಟಿದ ಹೀರೋ, ಇವು ಮನೆಮಾತಾದ ಹೆಸರುಗಳು. ವರನಿಗೆ ಕೈಗಡಿಯಾರದೊಡನೆ ಸೈಕಲ್ಲನ್ನೂ ಕೊಡುವುದು ಮಾವನ ಘನತೆಯ ಪ್ರಶ್ನೆಯಾಗಿತ್ತು. ಹುಡುಗರು ತಾಸಿನ ಬಾಡಿಗೆಗೆ ಸೈಕಲ್ಲು ತಂದು, ನಡುವಿನ ಕೊಳವೆಯ ಕೆಳಗಿಂದ ಕಾಲು ತೂರಿಸಿ ತುಳಿಯುತ್ತ, ಮೊಣಕಾಲಿನ ಚರ್ಮವನ್ನು ಬಾಡಿಗೆಯ ಮೇಲಿನ ಬಡ್ಡಿಯೆಂಬಂತೆ ತೆತ್ತು ಕಲಿಯುತ್ತಿದ್ದರು. ಎದುರಿಗೆ ಗುರುಗಳು ಬಂದರೆ ಸೈಕಲ್ಲಿನಿಂದ ಇಳಿದು ನಿಂತು ನಮಸ್ಕರಿಸಿ ಮುಂದೆ ಹೋಗುವುದು ಯಾರೂ ಕಲಿಸದೆ ಬಂದ ಮರ್ಯಾದೆ.

ಆಗ ಕಾರು ಎಂದರೆ ಅಪರೂಪದ ದರ್ಶನ. 1958ರಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಇಲ್ಲವೆ ಫಿಯೆಟ್ ಊರಿಗೆ ಬಂದರೆ ಹುಡುಗರು ಸುತ್ತುವರಿದು, ಅದರ ಹೊಳಪಿನಲ್ಲಿ ಮುಖ ನೋಡಿಕೊಂಡು, ಚಾಲಕನು ಗದರಿಸುವವರೆಗೂ ಕದಲುತ್ತಿರಲಿಲ್ಲ. ಆನೆ ಬಂದರೆ ದಾರಿ ಬಿಟ್ಟು ನಿಲ್ಲುವಂತೆ ಸೈಕಲ್ಲಿನವರು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಅದರಲ್ಲಿ ಅಸಮಾಧಾನದ ಲೇಶವೂ ಇರಲಿಲ್ಲ. ಆನೆ ದಿನಕ್ಕೆ ನೂರು ಸಲ ಬರುವುದಿಲ್ಲವಷ್ಟೆ.

1983ರ ಡಿಸೆಂಬರಿನಲ್ಲಿ ಮಾರುತಿ ಕಾರು ಹೊರಬಂದಿತು. ಮುಂದಿನ ಎರಡು ದಶಕಗಳಲ್ಲಿ ಬ್ಯಾಂಕಿನ ಸಾಲವೂ ಸುಲಭವಾಗಿ, ವರ್ತಕರ ಮನೆಯ ಮುಂದಿದ್ದ ವಾಹನವು ನೌಕರರ ಮನೆಯ ಮುಂದೆಯೂ, ಕೊನೆಗೆ ಮಾಸ್ತರರ ಮನೆಯ ಮುಂದೆಯೂ ನಿಂತಿತು. ಹೀಗಿದ್ದರೂ 2011ರ ಜನಗಣತಿಯನ್ನು ನೋಡಿದರೆ, ದೇಶದ ನೂರು ಮನೆಗಳಲ್ಲಿ ಸುಮಾರು 45ರಲ್ಲಿ ಸೈಕಲ್ಲಿತ್ತು. ಕಾರು, ಜೀಪುಗಳಿದ್ದ ಮನೆಗಳು ನೂರಕ್ಕೆ 5 ಕೂಡ ಇರಲಿಲ್ಲ. ದಾರಿಯ ಮೇಲೆ ನಿಂತು ನೋಡುವವರಿಗೆ ಈ ಲೆಕ್ಕ ತಿರುಗುಮುರುಗಾಗಿ ಕಾಣಿಸುವುದು. ಏಕೆಂದರೆ ಡಾಂಬರಿನ ನಡುಭಾಗವೆಲ್ಲ ಆ ಐದು ಮನೆಗಳವರದು.

ಈ ಭಾಗದ ಒಳರಸ್ತೆಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದೇ ವಾಹನಕ್ಕೆ ಸಾಲುವಷ್ಟು ಡಾಂಬರು; ಎರಡೂ ಮಗ್ಗುಲಿಗೆ ಮಣ್ಣು. ಹಿಂದಿನಿಂದ ಹಾರ್ನು ಕೇಳಿಸಿದೊಡನೆ ಸೈಕಲ್ಲು ಕೆಳಗಿಳಿಯಬೇಕು. ಕೆಳಗೆ ಎಂಬುದು ಬರಿಯ ಅಲಂಕಾರದ ಮಾತಲ್ಲ: ಡಾಂಬರಿನ ಅಂಚು ಮಗ್ಗುಲಿನ ಮಣ್ಣಿಗಿಂತ ಎಷ್ಟೋ ಕಡೆ ಗೇಣಷ್ಟು ಎತ್ತರದಲ್ಲಿರುತ್ತದೆ. ಓರೆಯಾಗಿ ಇಳಿದರೆ ಮುಂದಿನ ಗಾಲಿ ಜಾರುವುದು. ನೇರವಾಗಿ ಇಳಿದರೆ ಹಿಂದಿನ ಹೊರೆ ಎತ್ತಿ ಒಗೆಯುವುದು. ಸವಣೂರಿನ ಎಲೆಬಳ್ಳಿಯ ತೋಟದಿಂದ ವೀಳ್ಯದೆಲೆಯ ಕಟ್ಟುಗಳನ್ನು ಕ್ಯಾರಿಯರಿಗೆ ಬಿಗಿದು ಹೊರಟವನು ಈ ಇಳಿತವನ್ನು ಒಂದು ಹರದಾರಿಯೊಳಗೆ ಎಷ್ಟೋ ಸಲ ಮಾಡಬೇಕು. ಬೇಸಿಗೆಯಲ್ಲಿ ಹೇಗೋ ನಡೆದೀತು. ಮಳೆ ಬಿದ್ದ ಮೇಲೆ ಆ ಸೀಮೆಯ ಎರೆಮಣ್ಣು ಟಾಯರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಆಗ ಇಳಿದು, ಬೇಲಿಯ ಕಡ್ಡಿ ಮುರಿದು, ಕೆಸರನ್ನು ಕೆದರಿ ತೆಗೆಯಬೇಕು. ಅದೂ ಆಗದಿದ್ದರೆ ಸವಾರನೇ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆಯಬೇಕು. ಇಷ್ಟೆಲ್ಲ ಆಗುವಷ್ಟರಲ್ಲಿ ಹಾರ್ನು ಹೊಡೆದವರು ಮುಂದಿನ ಊರು ದಾಟಿರುತ್ತಾರೆ. ಅವರಿಗೆ ತಾವು ಯಾರನ್ನಾದರೂ ಇಳಿಸಿದೆವೆಂಬ ಅರಿವೇ ಇರುವುದಿಲ್ಲ. ಸೈಕಲ್ಲಿನವರ ಮುನಿಸಿನ ಬೇರು ಕಾರಿನ ಬೆಲೆಯಲ್ಲಿಲ್ಲ, ಈ ಅರಿವಿಲ್ಲದಿರುವಿಕೆಯಲ್ಲಿದೆ.

ಹಾನಗಲ್ಲಿನ ಕಡೆ ಅರೆಮಲೆನಾಡು. ಭತ್ತದ ಗದ್ದೆಗಳ ನಡುವೆ ಮಳೆಗಾಲದ ದಾರಿಯೇ ಬೇರೆ ರೀತಿಯದು. ಗುಂಡಿಯಲ್ಲಿ ನಿಂತ ನೀರು ಕಾರಿನ ಗಾಲಿಗೆ ಸಿಕ್ಕು, ಶಾಲೆಗೆ ಹೊರಟ ಹುಡುಗನ ಬಿಳಿಯ ಅಂಗಿಯ ಮೇಲೆ ಬೀಳುವುದು ನಿತ್ಯದ ಮಾತು. ಹಿರೇಕೆರೂರಿನ ಏರಿಳಿತಗಳಲ್ಲಿ ತುಳಿದು ಏದುಸಿರು ಬಿಡುವವನಿಗೆ ಕಾರಿನ ಮೇಲೆ ಸಿಟ್ಟಿಗಿಂತ ಅಸೂಯೆಯೇ ಹೆಚ್ಚು. ಅದು ಸಹಜವೂ ಹೌದು.

ಶಿಗ್ಗಾಂವಿಯ ಸ್ಥಿತಿ ಮಾತ್ರ ಪ್ರತ್ಯೇಕ. ಅಲ್ಲಿ ಪುಣೆ-ಬೆಂಗಳೂರು ಹೆದ್ದಾರಿ ಹಾದುಹೋಗಿದೆ. ಬಹುಕಾಲ 4ನೆಯ ಸಂಖ್ಯೆಯಿಂದ ಪ್ರಸಿದ್ಧವಾಗಿ, 2010ರ ಮರುಸಂಖ್ಯೆಯಲ್ಲಿ 48 ಆದ ಈ ಹೆದ್ದಾರಿಯನ್ನು ಸುವರ್ಣ ಚತುಷ್ಪಥ ಯೋಜನೆಯಲ್ಲಿ ಅಗಲಗೊಳಿಸಲಾಯಿತು. ನಡುವೆ ವಿಭಜಕ ಎದ್ದಿತು. ಮನೆ ಈಚೆ, ಹೊಲ ಆಚೆ ಇದ್ದ ರೈತನು ಎದುರಿಗೆ ಕಾಣುವ ತನ್ನ ಹೊಲಕ್ಕೆ ಹೋಗಲು ದೂರದ ತೆರಪಿನವರೆಗೆ ತುಳಿದು ಹಿಂದಿರುಗಬೇಕಾಯಿತು. ಆದ್ದರಿಂದ ಅವನು ಅಂಚು ಹಿಡಿದು ಎದುರುದಿಕ್ಕಿನಲ್ಲಿಯೇ ಬರುತ್ತಾನೆ. ಕಾನೂನಿನ ಪ್ರಕಾರ ಅದು ತಪ್ಪು; ಅವನಿಗೂ ತಿಳಿದಿದೆ. ಆದರೆ ಆ ರಸ್ತೆಯ ನಕಾಶೆ ಬರೆದವರ ಕಣ್ಣಿಗೆ ಸೈಕಲ್ಲು ಬಿದ್ದಿತ್ತೇ ಎಂದು ಕೇಳಿದರೆ ಉತ್ತರ ದೊರೆಯದು. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಮಡಿದರು. ಬಂಕಾಪುರ, ಶಿಗ್ಗಾಂವಿಗಳ ಬಳಿಯ ಸೈಕಲ್ ಸವಾರನು ಕಾರನ್ನು ದ್ವೇಷಿಸುವುದಿಲ್ಲ, ಅಂಜುತ್ತಾನೆ.

ಈ ಅಂಜಿಕೆಯು ಶಾಲೆಯ ಹಾಜರಿಪುಸ್ತಕವನ್ನೂ ಮುಟ್ಟುತ್ತದೆ. 2006-07ರಲ್ಲಿ ಕರ್ನಾಟಕ ಸರ್ಕಾರವು 8ನೆಯ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ಲು ಕೊಡಲಾರಂಭಿಸಿ, ಬಳಿಕ ಅದನ್ನು ಗಂಡುಮಕ್ಕಳಿಗೂ ವಿಸ್ತರಿಸಿತು. ಕೊರೋನಾ ಬಂದ 2020ರಲ್ಲಿ ವಿತರಣೆ ನಿಂತಿತು. ಬಿಹಾರದಲ್ಲಿಯೂ 2006ರಲ್ಲಿ ಇಂಥದೇ ಯೋಜನೆ ಆರಂಭವಾಗಿತ್ತು. ಅದನ್ನು ಅಭ್ಯಸಿಸಿದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು, ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ ನೂರಕ್ಕೆ 32ರಷ್ಟು ಏರಿತೆಂದು 2017ರಲ್ಲಿ ಪ್ರಕಟಿಸಿದರು. ಒಂದು ಸೈಕಲ್ಲಿಗೆ ಇಷ್ಟು ಶಕ್ತಿ! ಆದರೆ ಹಳ್ಳಿಯ ತಾಯಿಯೊಬ್ಬಳು, ಸಂಜೆಯ ಮಬ್ಬಿನಲ್ಲಿ ಕಾರುಗಳು ಕಣ್ಣು ಕುಕ್ಕುವ ದೀಪ ಹಚ್ಚಿಕೊಂಡು ಬರುವುದನ್ನು ನೋಡಿ, "ಬ್ಯಾಡವಾ, ನಾಳಿಂದ ಬಸ್ಸಿಗೆ ಹೋಗು" ಎಂದರೆ ಆ ಶಕ್ತಿ ಅಂಗಳದಲ್ಲಿಯೇ ಉಳಿಯುವುದು. ಬಸ್ಸು ಬಾರದ ದಿನ ಹುಡುಗಿಯೂ ಶಾಲೆಗೆ ಬಾರಳು.

ಸೈಕಲ್ಲಿನವರು ಎಲ್ಲ ಕಾರುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವರೆಂದು ಭಾವಿಸಬಾರದು. ಡಾಕ್ಟರರ ಕಾರಿಗೆ ಹಾರ್ನು ಕೇಳುವ ಮೊದಲೇ ದಾರಿ ಬಿಡುತ್ತಾರೆ. ನಡುರಾತ್ರಿಯಲ್ಲಿ ಹೆರಿಗೆಯ ನೋವೆದ್ದ ಸೊಸೆಯನ್ನು ನೆರೆಯವರ ಕಾರು ಆಸ್ಪತ್ರೆಗೆ ಮುಟ್ಟಿಸಿದ್ದರೆ, ಆ ಮನೆಯ ಹಿರಿಯನು ಮುಂದೆ ಆ ಕಾರನ್ನು ಕಂಡಾಗಲೆಲ್ಲ ಸೈಕಲ್ಲು ನಿಲ್ಲಿಸಿ ಕೈ ಎತ್ತುತ್ತಾನೆ. ಅಂಥ ಕಾರಿಗೆ ಮಾತ್ರ ಒಡೆಯನ ಹೆಸರು ಅಂಟಿಕೊಳ್ಳುತ್ತದೆ: "ಗೌಡರ ಕಾರು", "ಡಾಕ್ಟರರ ಕಾರು". ಉಳಿದವು ಬರಿಯ ಕಾರುಗಳು.

ಇನ್ನೊಂದು ನಿಜವನ್ನೂ ಹೇಳಬೇಕು. ಸೈಕಲ್ಲು ತುಳಿಯುವವನ ಮನಸ್ಸಿನ ಮೂಲೆಯಲ್ಲಿ ಒಂದು ಕಾರು ಸದಾ ನಿಂತಿರುತ್ತದೆ. ಅದು ಕೈಗೂಡಿದ ಮೊದಲ ವಾರ ಅವನು ಸೈಕಲ್ಲಿನವರನ್ನು ಕಂಡು ವೇಗ ತಗ್ಗಿಸುತ್ತಾನೆ. ತಿಂಗಳಾದ ಮೇಲೆ ಹಾರ್ನು ಹೊಡೆಯುತ್ತಾನೆ. ವರ್ಷವಾದ ಮೇಲೆ "ಈ ಸೈಕಲ್ಲಿನವರಿಗೆ ದಾರಿಯ ಶಿಸ್ತಿಲ್ಲ" ಎನ್ನುತ್ತಾನೆ. ಚರಿತ್ರೆಯೂ ಈ ದಾರಿಯಲ್ಲಿಯೇ ನಡೆದಿದೆ. 19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ಒಳ್ಳೆಯ ರಸ್ತೆಗಳು ಬೇಕೆಂದು ಮೊದಲು ಕೂಗೆತ್ತಿದವರು ಸೈಕಲ್ಲಿನವರು. ರಸ್ತೆ ಸಿದ್ಧವಾದ ಮೇಲೆ ಅದರ ಮೇಲೆ ಓಡಿದ್ದು ಕಾರು.

ಹಾಲೆಂಡಿನವರು ಬೇರೆ ಮಾಡಿದರು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ 400ಕ್ಕೂ ಮಿಕ್ಕಿ ಮಕ್ಕಳು. ಮರುವರ್ಷ ತಂದೆತಾಯಿಗಳು "ಮಕ್ಕಳ ಕೊಲೆ ನಿಲ್ಲಿಸಿ" ಎಂಬ ಚಳವಳಿಯನ್ನೇ ಹೂಡಿದರು. 1973ರ ತೈಲ ಬಿಕ್ಕಟ್ಟಿನಲ್ಲಿ ಅಲ್ಲಿ ಭಾನುವಾರಗಳಂದು ಕಾರುಗಳಿಗೆ ನಿಷೇಧವಿತ್ತಾಗ ಜನ ಹೆದ್ದಾರಿಯ ಮೇಲೆಯೇ ಸೈಕಲ್ಲು ಹೊಡೆದರು. ಇವಾನ್ ಇಲಿಚ್ ಎಂಬ ಚಿಂತಕನು 1974ರಲ್ಲಿ ಒಂದು ವಿನೋದದ ಲೆಕ್ಕವನ್ನು ಮುಂದಿಟ್ಟನು: ಅಮೆರಿಕನ್ನನು ಕಾರಿನಲ್ಲಿ ಕುಳಿತ ಹೊತ್ತಿಗೆ, ಅದರ ಕಂತು, ತೈಲ, ವಿಮೆಗಳಿಗಾಗಿ ದುಡಿದ ಹೊತ್ತನ್ನೂ ಕೂಡಿಸಿದರೆ, ವರ್ಷಕ್ಕೆ 1,600 ತಾಸುಗಳಾಗುತ್ತವೆ, ಅವನು ಕ್ರಮಿಸಿದ್ದು 7,500 ಮೈಲು, ಅಂದರೆ ತಾಸಿಗೆ 5 ಮೈಲಿಗೂ ಕಡಿಮೆ. ಹಾನಗಲ್ಲಿನ ಹಾಲಿನವನು ಕ್ಯಾನು ಕಟ್ಟಿಕೊಂಡೂ ಅದಕ್ಕಿಂತ ವೇಗವಾಗಿ ಹೋಗುತ್ತಾನೆ.

ಸೈಕಲ್ಲಿನವರು ಕೇಳುವುದಾದರೂ ಏನನ್ನು? ಡಾಂಬರಿನ ಅಂಚಿಗೆ ಸಮನಾಗಿ ಗರಸು ಹಾಕಿದ ಮಗ್ಗುಲು. ರಾತ್ರಿ ಎದುರು ಬಂದಾಗ ದೀಪವನ್ನು ತಗ್ಗಿಸುವುದು. ಶಾಲೆ ಬಿಡುವ ಹೊತ್ತಿನಲ್ಲಿ ಅರ್ಧ ನಿಮಿಷದ ತಾಳ್ಮೆ. ಕಾರಿನವರ ದೂರೂ ಸುಳ್ಳಲ್ಲ. ಮಕ್ಕಳು ಹರಟುತ್ತ ಮೂವರು ಮೂವರಾಗಿ ದಾರಿಯ ಅಗಲಕ್ಕೂ ಹರಡಿಕೊಂಡು ಹೋಗುತ್ತಾರೆ. ಬೆಲ್ಲಿದ್ದರೆ ಬ್ರೇಕಿರುವುದಿಲ್ಲ, ಬ್ರೇಕಿದ್ದರೆ ಬೆಲ್ಲಿರುವುದಿಲ್ಲ. ಸಂಜೆಯ ಗಂಟೆ ಬಾರಿಸಿದ ಮೇಲೆ ಮಾಸ್ತರರು ಗೇಟಿನ ಬಳಿ ನಿಂತು, ಒಬ್ಬರ ಹಿಂದೆ ಒಬ್ಬರು ಹೋಗಿರೆಂದು ದಿನವೂ ಹೇಳುತ್ತಾರೆ. ಮುಂದಿನ ತಿರುವಿನವರೆಗೆ ಮಕ್ಕಳು ಹಾಗೆಯೇ ಹೋಗುತ್ತಾರೆ.